ಹದಿನಾಲ್ಕನೇ ಪುಟದ ಚುಕ್ಕಿ

ಬೆಳಗಿನ ಐದೂಮುಕ್ಕಾಲಿಗೆ ಗೋಡೌನಿನ ಟ್ಯೂಬ್‌ಲೈಟು ನಾಲ್ಕೈದು ಸಲ ಕಣ್ಣು ಪಿಳುಕಿಸಿ, ಸಾಕಷ್ಟು ಸತಾಯಿಸಿ, ಕೊನೆಗೆ ಹತ್ತಿಕೊಳ್ಳುತ್ತದೆ. ಪ್ಯಾಕಿಂಗ್ ಮಾಡುವ ಉದ್ದನೆಯ ಮೇಜಿನ ಮುಂದೆ ಐವತ್ತಮೂರು ವರ್ಷದ ಹೆಂಗಸೊಬ್ಬರು ಸ್ಟೂಲು ಎಳೆದುಕೊಂಡು ಕೂರುತ್ತಾರೆ. ಎಡಗಡೆಯ ಕಟ್ಟಿನಿಂದ ಹೊಸ ಕ್ಯಾಟಲಾಗೊಂದನ್ನು ತೆಗೆದು ಹದಿನಾಲ್ಕನೇ ಪುಟ ಬಿಡಿಸುತ್ತಾರೆ. ಅಲ್ಲೊಂದು ಗ್ರಾಫು. ಅದರ ಮೇಲೆ ಅಂಗೈಯಗಲದ ರಟ್ಟನ್ನು ಅಂಚಿಗೆ ಅಂಚು ಕೂಡುವಂತೆ ಇಟ್ಟು, ರಟ್ಟಿನಲ್ಲಿರುವ ಸಣ್ಣ ತೂತಿಗೆ ಪೆನ್ನಿನ ಮೊನೆ ಇಳಿಸಿ ಒಂದು ಚುಕ್ಕಿ ಇಡುತ್ತಾರೆ. ರಟ್ಟು ತೆಗೆದು ಪಕ್ಕದಲ್ಲಿ ಇರುವೆಯಷ್ಟು ಸಣ್ಣಕ್ಕೆ ‘95’ ಎಂದು ಬರೆಯುತ್ತಾರೆ. ಆಮೇಲೆ ಪುಸ್ತಕ ಮುಚ್ಚುವುದಿಲ್ಲ. ಬಿಡಿಸಿದಂತೆಯೇ ಮೇಜಿನ ಇನ್ನೊಂದು ತುದಿಗೆ ಸರಿಸುತ್ತಾರೆ.

“ಹಾಳು ನುಣುಪು ಕಾಗದ. ಇಂಕು ಕುಡಿಯಲ್ಲ. ನಾಲ್ಕು ನಿಮಿಷ ಒಣಗಿಸ್ದೆ ಮುಚ್ಚಿದ್ರೆ ಎದುರಿನ ಪುಟಕ್ಕೆ ಮೀಸೆ ಬಂದಂಗಾಗುತ್ತೆ” ಎಂದು ಅವರು ಮುಂದಿನ ಪ್ರತಿಗೆ ಕೈ ಹಾಕುತ್ತಾರೆ.

ಇದು ಗುರುವಾರದ ಬೆಳಗು, ಈ ಕೆಲಸದ ಹತ್ತನೇ ದಿನ. ಒಟ್ಟು ಮೂರು ಸಾವಿರ ಪ್ರತಿ. ಮೊದಲ ದಿನ ಕೈ ಕೂರದೆ ನೂರ ನಲವತ್ತಾದವು, ಆಮೇಲೆ ದಿನಕ್ಕೆ ನೂರ ತೊಂಬತ್ತೈದರಂತೆ ಸಾಗುತ್ತಿದೆ. ಸಾವಿರದ ಏಳುನೂರು ಮುಗಿದಿವೆ, ಸಾವಿರದ ಮುನ್ನೂರು ಬಾಕಿ ಇವೆ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಲಾರಿ ಬರುತ್ತದೆ. ಸೋಮವಾರ ದೊಡ್ಡ ಯಂತ್ರೋಪಕರಣ ಪ್ರದರ್ಶನ. ಅಲ್ಲಿ ಸ್ಟಾಲಿನ ಮುಂದೆ ನಿಂತವರಿಗೆಲ್ಲ ಈ ಪುಸ್ತಕ ಹಂಚುತ್ತಾರೆ. ಯಾರ ಕೈಗೆ ಹೋಯಿತು ಎಂಬುದಕ್ಕೆ ಹೆಸರಿಲ್ಲ, ವಿಳಾಸವಿಲ್ಲ. ಅಷ್ಟರೊಳಗೆ ಎಲ್ಲದಕ್ಕೂ ಚುಕ್ಕಿ ಬೀಳಬೇಕು. ಬೀಳುವುದಿಲ್ಲವೆಂದು ಅವರಿಗೂ ಗೊತ್ತು, ಲೆಕ್ಕಕ್ಕೇನು ದೊಡ್ಡ ಬುದ್ಧಿ ಬೇಕೇ! ಆದರೂ ಕೈ ನಿಲ್ಲಿಸುವುದಿಲ್ಲ.

ಕಾರ್ಖಾನೆಯಲ್ಲಿ ಅವರ ನಿಜವಾದ ಹೆಸರು ಸಂಬಳದ ವಿಭಾಗಕ್ಕೆ ಬಿಟ್ಟರೆ ಇನ್ನಾರಿಗೂ ಬೇಕಾಗಿಲ್ಲ. ಎಲ್ಲರ ಬಾಯಲ್ಲೂ ಅವರು ‘ಚುಕ್ಕಿ ಮೇಡಂ’. ಎದುರಿಗೆ ಕರೆಯುವವರೂ ಹಾಗೆಯೇ ಕರೆಯುತ್ತಾರೆ, ಹಿಂದಿನಿಂದ ನಗುವವರೂ ಹಾಗೆಯೇ ನಗುತ್ತಾರೆ.

ಇಲ್ಲಿ ತಯಾರಾಗುವುದು ಪಂಪಿನ ಸೀಲು. ಪಂಪಿನೊಳಗೆ ತಿರುಗುವ ಶಾಫ್ಟು ಹೊರಗೆ ಬರುವ ಜಾಗದಲ್ಲಿ ನೀರು ಸೋರದಂತೆ ತಡೆದು ಕೂರುವ ಉಂಗುರ ಅದು. ಬಳೆಯಷ್ಟು ದೊಡ್ಡದು, ಕೈಲಿಟ್ಟರೆ ಭಾರವೇ ಇಲ್ಲ. ಅದು ಸರಿಯಾಗಿ ಕೂತಿದ್ದರೆ ಅಂಥದ್ದೊಂದು ವಸ್ತು ಲೋಕದಲ್ಲಿದೆ ಎಂದೇ ಯಾರಿಗೂ ತಿಳಿಯುವುದಿಲ್ಲ. ಕೈಕೊಟ್ಟ ದಿನ ಮಾತ್ರ ಎಲ್ಲರೂ ಅದರ ಜಾತಕ ಕೇಳುತ್ತಾರೆ. ಇದನ್ನು ಕೊಳ್ಳುವವರು ಇಂಜಿನಿಯರುಗಳು. ಅವರಿಗೆ ಇದನ್ನು ಕೊಳ್ಳುವಂತೆ ಹೇಳುವ ಪುಸ್ತಕ ಬರೆಯುವುದು ಚುಕ್ಕಿ ಮೇಡಂ ಕೆಲಸ. ಮೂವತ್ತೊಂದು ವರ್ಷದಿಂದ, ಅರವತ್ತೆರಡು ಕ್ಯಾಟಲಾಗು. ಒಂದರಲ್ಲೂ ಅವರ ಹೆಸರಿಲ್ಲ.

ಅವರು ಇಂಜಿನಿಯರಿಂಗ್ ಓದಿದವರಲ್ಲ. ವಾಣಿಜ್ಯ ಓದಿ, ಇಪ್ಪತ್ತೆರಡಕ್ಕೆ ಇಲ್ಲಿ ಟೈಪಿಸ್ಟಾಗಿ ಸೇರಿದವರು. ಸೇರಿದ ಎರಡನೇ ತಿಂಗಳು ಒಂದು ಪಟ್ಟಿ ಟೈಪು ಮಾಡುವಾಗ ಮೂರನೇ ಪುಟದ ಅಂಕಿಗೂ ಏಳನೇ ಪುಟದ ಅಂಕಿಗೂ ತಾಳೆಯಾಗಲಿಲ್ಲ. ಹೊಸಬಳು, ಸುಮ್ಮನಿರಬಹುದಿತ್ತು. ಎದ್ದು ಹೋಗಿ ಆಗಿನ ಚೀಫ್ ಇಂಜಿನಿಯರನ್ನು ಕೇಳಿದರು, ಇವೆರಡರಲ್ಲಿ ಯಾವುದು ಸರಿ ಎಂದು. ಆ ಮುದುಕ ಬಯ್ಯಲಿಲ್ಲ. “ನನ್ನನ್ನ ಯಾಕಮ್ಮ ಕೇಳ್ತೀಯ? ಬೆಂಚಿನ ಹತ್ರ ಹೋಗು, ಕಣ್ಣಲ್ಲಿ ನೋಡು, ಬಂದು ಟೈಪ್ ಮಾಡು” ಎಂದರಂತೆ. ಅಂದಿನಿಂದ ಪರೀಕ್ಷೆ ಮಾಡುವ ಬೆಂಚಿನ ಮುಂದೆ ನಿಂತು ಕಣ್ಣಾರೆ ಕಾಣದ ಒಂದು ಅಂಕಿಯನ್ನೂ ಪುಸ್ತಕಕ್ಕೆ ಸೇರಿಸಬಾರದೆಂದು ಅವರು ತಮಗೆ ತಾವೇ ಕಟ್ಟುಮಾಡಿಕೊಂಡರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಮಾತನ್ನು ನಾವೆಲ್ಲ ಬೇರೆಯವರಿಗೆ ಹೇಳಲು ಇಟ್ಟುಕೊಂಡಿರುತ್ತೇವೆ. ಇವರು ಅದನ್ನು ದಿನಚರಿ ಮಾಡಿಕೊಂಡರು.

ಇಂಜಿನಿಯರುಗಳಿಗೆ ಮಾರುವ ವಿದ್ಯೆಯ ಬಗ್ಗೆ ಅವರನ್ನು ಕೇಳಬೇಕು. ಆಗ ಮಾತ್ರ ಪೆನ್ನು ಕೆಳಗಿಡುತ್ತಾರೆ.

“ಸೋಪು ಮಾರೋ ಹಾಗೆ ಇವ್ರಿಗೆ ಮಾರೋಕಾಗಲ್ಲ. ‘ಅತ್ಯುತ್ತಮ’ ಅಂತ ಬರೀರಿ, ಪುಟ ತಿರುಗಿಸ್ಬಿಡ್ತಾರೆ. ‘ಇಂಥ ಕಡೆ ಇದನ್ನ ಹಾಕ್ಬೇಡಿ’ ಅಂತ ಬರೀರಿ, ನಿಂತು ಓದ್ತಾರೆ. ಅವ್ರು ಮೊದಲು ನೋಡೋದೇ ಕೆಳಗಿನ ಸಣ್ಣಕ್ಷರ. ಒಂದ್ಸಲ ನಮ್ಮವ್ರು ಒಬ್ಬ ಚೆಂದದ ಹುಡುಗಿ ಕೈಲಿ ಸ್ಪ್ಯಾನರ್ ಕೊಟ್ಟು, ಪಂಪಿನ ಪಕ್ಕ ನಿಲ್ಸಿ ಜಾಹೀರಾತು ಮಾಡಿಸಿದ್ರು. ನಲವತ್ಮೂರು ಕಾಗದ ಬಂತು ಕಣ್ರೀ! ಖುಷಿಯಾಗಿ ಒಡೆದು ನೋಡಿದ್ರೆ, ಆಕೆ ಕಣ್ಣಿಗೆ ಸುರಕ್ಷಾ ಕನ್ನಡಕ ಯಾಕಿಲ್ಲ, ಸ್ಪ್ಯಾನರ್ ತಿರುಗಾ ಮುರುಗಾ ಯಾಕೆ ಹಿಡ್ಕೊಂಡಿದಾಳೆ ಅಂತ. ಸೀಲಿನ ವಿಷಯ ಒಬ್ಬನೂ ಕೇಳಿರ್ಲಿಲ್ಲ.”

ನಗುತ್ತಾರೆ. ನಗು ಬಹಳ ಹೊತ್ತು ಇರುವುದಿಲ್ಲ.

ಆ ಅನುಮಾನದ ಜನರಿಗಾಗಿಯೇ ಅವರು ಕ್ಯಾಟಲಾಗಿನ ಕೊನೆಗೆ ಒಂದು ಪುಟ ಸೇರಿಸಿದ್ದರು. ತಲೆಬರಹ ‘ಎಲ್ಲಿ ಬೇಡ’. ಯಾವ ಎಣ್ಣೆಗೆ ಈ ಸೀಲು ಆಗದು, ಯಾವ ಬಿಸಿಗೆ ತಡೆಯದು, ಯಾವ ವೇಗಕ್ಕೆ ಬಾಳದು, ಎಲ್ಲ ಅಲ್ಲಿ ಬಿಡಿಸಿ ಬರೆದಿರುತ್ತಿತ್ತು. ಮಾಲು ಮಾರುವ ಅಂಗಡಿಯವನೇ ಬಾಗಿಲಲ್ಲಿ ನಿಂತು ‘ಬೇಡ ಹೋಗಿ’ ಅಂದ ಹಾಗಾಯಿತಲ್ಲ ಎಂದು ಮೇಲಿನವರು ಮೊದಮೊದಲು ಮುಖ ಗಂಟಿಕ್ಕಿದರು. ಆದರೆ ಎಲ್ಲಿ ಬೇಡವೆಂದು ಹೇಳುವವನು ಎಲ್ಲಿ ಬೇಕೆಂದು ಹೇಳಿದಾಗ ಸುಳ್ಳಾಡುವುದಿಲ್ಲ ಎಂದು ಇಂಜಿನಿಯರುಗಳು ಅರ್ಥಮಾಡಿಕೊಂಡರು. ವ್ಯಾಪಾರ ಕುದುರಿತು. ಬಾಯ್ಲರ್ ಮನೆಗಳ ಮೊಳೆಗಳಲ್ಲಿ, ದಾರ ಕಟ್ಟಿ ನೇತುಹಾಕಿದ ಅವರ ಪುಸ್ತಕಗಳು ಇವತ್ತಿಗೂ ಇವೆ. ಹೆಚ್ಚು ಕೊಳೆಯಾಗಿರುವುದು ಆ ಕೊನೇ ಪುಟವೇ.

ಹಾಗಾದರೆ ಚುಕ್ಕಿ ಎಲ್ಲಿಂದ ಬಂತು? ಅದೊಂದು ಕೆಟ್ಟ ಕಥೆ. ಅವರು ಅದನ್ನು ಗೋಡೌನಿನಲ್ಲಿ ಹೇಳುವುದಿಲ್ಲ, ಮನೆಗೆ ಬಂದ ಮೇಲೆ ಹೇಳುತ್ತಾರೆ.

ಮನೆ ಎಂದರೆ ಎರಡನೇ ಮಹಡಿಯ ಎರಡು ಕೋಣೆ. ಇರುವವರು ಇಬ್ಬರು, ಚುಕ್ಕಿ ಮೇಡಂ ಮತ್ತು ಅವರ ಅತ್ತಿಗೆ. ಅಣ್ಣ ತೀರಿಕೊಂಡು ಹದಿನಾರು ವರ್ಷವಾಯಿತು. ಮೇಡಂ ಮದುವೆಯಾದವರಲ್ಲ, ಅತ್ತಿಗೆಗೆ ಮಕ್ಕಳಿಲ್ಲ. ಶಾಲೆಯೊಂದರ ಗ್ರಂಥಾಲಯದಲ್ಲಿದ್ದು ನಿವೃತ್ತರಾದ ಅತ್ತಿಗೆಗೆ ಈಗ ಅರವತ್ತಾರು. ಪಂಪು ಎಂದರೆ ಏನೆಂದು ಅವರಿಗೆ ಗೊತ್ತಿಲ್ಲ, ಆದರೆ ಪ್ರೂಫು ನೋಡುವುದರಲ್ಲಿ ಎತ್ತಿದ ಕೈ. ಸಂಜೆ ಊಟದ ಮೇಜಿನ ಮೇಲೆ ಬಟ್ಟೆ ಸರಿಸಿ ಇಬ್ಬರೂ ಎದುರುಬದುರು ಕೂರುತ್ತಾರೆ. ಅತ್ತಿಗೆ ರಿಜಿಸ್ಟರಿನಿಂದ ಅಂಕಿಗಳನ್ನು ಜೋರಾಗಿ ಓದುತ್ತಾರೆ, ಇವರು ಅಚ್ಚಾದ ಹಾಳೆಯಲ್ಲಿ ಟಿಕ್ ಹಾಕುತ್ತಾ ಹೋಗುತ್ತಾರೆ.

“ಇವಳ ದೆಸೆಯಿಂದ ನನಗೆ ಕನಸಲ್ಲೂ ಡಿಗ್ರಿ, ಒತ್ತಡ ಅಳೆಯೋ ಬಾರ್, ಮಿಲಿಮೀಟರು. ಮೊನ್ನೆ ಹಾಲಿನವನಿಗೆ ‘ಎಷ್ಟು ಬಾರ್ ಕೊಡ್ತೀಯಪ್ಪ’ ಅಂದ್ಬಿಟ್ಟೆ” ಎನ್ನುತ್ತಾರೆ ಅತ್ತಿಗೆ.

“ಅತ್ತಿಗೆ, ಅವ್ರು ಬರ್ಕೊಳ್ತಿದಾರೆ, ಸ್ವಲ್ಪ ಮರ್ಯಾದೆ ಇಟ್ಟು ಮಾತಾಡಿ” ಎಂದು ಮೇಡಂ ನನ್ನ ನೋಟ್‌ಬುಕ್ಕಿನ ಕಡೆ ಕಣ್ಣು ತೋರಿಸುತ್ತಾರೆ.

“ಬರ್ಕೊಳ್ಳಲಿ ಬಿಡೇ. ಮೂವತ್ತು ವರ್ಷದಲ್ಲಿ ನಿನ್ನ ಬಗ್ಗೆ ಬರ್ಕೊಳ್ಳೋಕೆ ಬಂದಿರೋರು ಇವ್ರೊಬ್ರೇ.”

ಆ ಕಥೆ ಹನ್ನೊಂದು ವರ್ಷದ ಹಿಂದಿನದು. ಬಿಸಿನೀರಿನ ಪಂಪಿಗಾಗಿ ಒಂದು ಸೀಲು ಬಂದಿತ್ತು. ಎಪ್ಪತ್ತು ಡಿಗ್ರಿಯಲ್ಲಿ ಅದು ಎಷ್ಟು ಒತ್ತಡ ತಡೆಯುತ್ತದೆಂದು ಅಳೆದಿದ್ದರು, ನೂರ ಹತ್ತರಲ್ಲೂ ಅಳೆದಿದ್ದರು. ಎರಡೂ ಸರಿಯಾದ ಅಂಕಿಗಳೇ. ಗ್ರಾಫು ಬಿಡಿಸಿದ ಕಲಾವಿದರು ಆ ಎರಡು ಗುರುತುಗಳನ್ನು ಅಳಿಸಿ, ಅವುಗಳ ನಡುವೆ ಒಂದು ಚೆಂದದ ಗೆರೆ ಎಳೆದರು. ಕೈ ಬಹಳ ಒಳ್ಳೆಯದಿತ್ತು, ಎಲ್ಲೂ ನಡುಗದ ಗೆರೆ. ನೋಡಿದವರು ತಲೆದೂಗಿದರು. ಚುಕ್ಕಿ ಮೇಡಂ ಪ್ರೂಫಿಗೆ ಸಹಿ ಹಾಕಿದರು.

ಒಂದು ದೊಡ್ಡ ಲಾಂಡ್ರಿಯ ಇಂಜಿನಿಯರು ಆ ಗೆರೆಯನ್ನು ತೊಂಬತ್ತು ಡಿಗ್ರಿಯ ನೇರಕ್ಕೆ ಓದಿದ. ಅಲ್ಲಿದ್ದ ಅಂಕಿ ನಂಬಿ ಸೀಲು ಕೂರಿಸಿದ. ಆರನೇ ವಾರ ಅದು ಕಿತ್ತುಕೊಂಡಿತು. ಪಂಪಿನ ಪಕ್ಕ ನಿಂತಿದ್ದ ಕೆಲಸಗಾರನಿಗೆ ಮೊಣಕೈಯಿಂದ ಕುತ್ತಿಗೆಯವರೆಗೆ ಬೆಂದುಹೋಯಿತು.

“ಆ ಇಂಜಿನಿಯರ್ ನನಗೇ ಫೋನ್ ಮಾಡಿದ. ಕೂಗಾಡ್ಲಿಲ್ಲ. ಕೂಗಾಡಿದ್ರೆ ವಾಸಿ ಇತ್ತು. ‘ಮೇಡಂ, ತೊಂಬತ್ತರಲ್ಲಿ ನೀವು ಅಳೆದಿದ್ರಾ?’ ಅಂತ ಒಂದೇ ಮಾತು ಕೇಳಿದ. ರಿಜಿಸ್ಟರ್ ತೆಗೆದು ನೋಡಿದೆ. ಎಪ್ಪತ್ತಿದೆ, ನೂರ ಹತ್ತಿದೆ. ಮಧ್ಯ ಏನೂ ಇಲ್ಲ. ಅವನು ಓದಿದ್ದು ನಮ್ಮ ಕಲಾವಿದರ ಕೈ ಓಡಾಡಿದ್ದನ್ನ, ಅಷ್ಟೇ.”

ವಕೀಲರು ಬಂದರು. ಗ್ರಾಫಿನ ಕೆಳಗೆ ‘ಸೂಚನೆಗಾಗಿ ಮಾತ್ರ’ ಎಂಬ ಸಾಲಿದೆಯಲ್ಲ, ಅದೊಂದೇ ಸಾಕು, ನೀವು ಬಾಯಿ ಬಿಡಬೇಡಿ ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಆ ಸಾಲು ಬರೆದವರೂ ಇವರೇ. ಇವರು ಬಾಯಿ ಬಿಟ್ಟರು. ತೊಂಬತ್ತರಲ್ಲಿ ಅಳೆದಿರಲಿಲ್ಲ ಎಂದು ಬರೆದುಕೊಟ್ಟರು. ಆ ವರ್ಷ ಬರಬೇಕಿದ್ದ ಬಡ್ತಿ ಬರಲಿಲ್ಲ, ಆಮೇಲೂ ಬರಲಿಲ್ಲ. ಅದಕ್ಕೆ ಅವರಿಗೆ ಸಂಕಟವಿಲ್ಲ. ಆ ಕೆಲಸಗಾರನನ್ನು ನೋಡಲು ಆಸ್ಪತ್ರೆಗೆ ಹೋದಾಗ ಆತ ಇವರನ್ನು ದಾದಿ ಎಂದುಕೊಂಡು ನೀರು ಕೇಳಿದನಂತೆ. ಕುಡಿಸಿದರು. ತಾನು ಯಾರೆಂದು ಹೇಳುವ ಧೈರ್ಯವಾಗದೆ ಎದ್ದು ಬಂದರು. ಇದನ್ನು ಹೇಳುತ್ತ ಅವರು ರಿಜಿಸ್ಟರನ್ನು ಮುಚ್ಚಿ ಪಕ್ಕಕ್ಕಿಡುತ್ತಾರೆ. ಅತ್ತಿಗೆ ಎದ್ದು ಹೋಗಿ ಸುಮ್ಮನೆ ಕಿಟಕಿ ಮುಚ್ಚುತ್ತಾರೆ.

ಅಂದಿನಿಂದ ಅವರ ಪುಸ್ತಕದ ಪ್ರತಿ ಗ್ರಾಫಿನಲ್ಲೂ ಅಳೆದ ಕಡೆಯೆಲ್ಲ ಚುಕ್ಕಿ ಇರಲೇಬೇಕು. ಚುಕ್ಕಿ ಇದ್ದಲ್ಲಿ ಯಾರೋ ನಿಂತು ಕಣ್ಣಿಟ್ಟು ನೋಡಿದ್ದಾರೆ ಎಂದು ಅರ್ಥ. ಚುಕ್ಕಿ ಇಲ್ಲದ ಕಡೆ ಗೆರೆ ಬರೀ ಊಹೆ, ಓದುವವರು ಹುಷಾರಾಗಿರಬೇಕು. ಕಲಾವಿದರು ಗೊಣಗಿದರು, ಗ್ರಾಫಿಗೆ ಸಿಡುಬು ಬಂದಂತಿದೆ ಎಂದರು. ಹೆಸರು ಅಂಟಿಕೊಂಡಿದ್ದು ಆಗ.

ಈ ವರ್ಷ ಜಾಹೀರಾತು ವಿಭಾಗಕ್ಕೆ ಹೊಸ ಹೆಡ್ ಬಂದಿದ್ದಾರೆ. ಮೂವತ್ತಾರು ವಯಸ್ಸು, ಚುರುಕು, ಎಲ್ಲರನ್ನೂ ನಗುನಗುತ್ತ ಮಾತಾಡಿಸುವವರು. ಕೆಟ್ಟ ಮನುಷ್ಯರೆಂದು ಬರೆದುಬಿಟ್ಟರೆ ಕಥೆ ಸುಲಭವಾಗುತ್ತಿತ್ತು, ಆದರೆ ಅವರು ಕೆಟ್ಟವರಲ್ಲ. ಇಂಜಿನಿಯರೂ ಮನುಷ್ಯನೇ ತಾನೇ, ಮೊದಲು ಕಣ್ಣಿಗೆ ಚೆಂದ ಕಾಣಬೇಕು, ಆಮೇಲೆ ಅಂಕಿ ಎಂಬುದು ಅವರ ವಾದ. ಹೊಸ ಕ್ಯಾಟಲಾಗಿಗೆ ನುಣುಪು ಕಾಗದ ಬಂತು. ಮುಖಪುಟಕ್ಕೆ ‘ಕೂರಿಸಿ, ಮರೆತುಬಿಡಿ’ ಎಂಬ ಘೋಷಣೆ ಬಂತು. ‘ಎಲ್ಲಿ ಬೇಡ’ ಪುಟ ಹೋಯಿತು. ಗ್ರಾಫುಗಳ ಚುಕ್ಕಿಗಳೂ ಹೋದವು.

ಹದಿನಾಲ್ಕನೇ ಪುಟದಲ್ಲಿರುವುದು ಈ ವರ್ಷದ ಹೊಸ ಸೀಲು. ಎಂಬತ್ತು ಡಿಗ್ರಿಯಲ್ಲಿ ಹತ್ತು ಬಾರ್ ಒತ್ತಡ ತಡೆಯುತ್ತದೆ, ನೂರ ಇಪ್ಪತ್ತರಲ್ಲಿ ನಾಲ್ಕು. ಅಳೆದಿದ್ದು ಅಷ್ಟೇ. ನಡುವೆ ಕಂಪ್ಯೂಟರು ಎಳೆದ ಗೆರೆ, ಹಳೆಯ ಕಲಾವಿದರ ಗೆರೆಗಿಂತ ನುಣುಪಾದದ್ದು. ಪ್ರೂಫು ನೋಡಿದ ಚುಕ್ಕಿ ಮೇಡಂ ನೇರವಾಗಿ ಹೆಡ್ ಕೋಣೆಗೆ ಹೋದರು. ನಡುವೆ ಒಂದು ಕಡೆಯಾದರೂ ಅಳೆಯೋಣ, ಒಂದು ವಾರ ಕೊಡಿ ಎಂದು ಕೇಳಿದರು.

“ಮೇಡಂ, ಪ್ರದರ್ಶನದ ದಿನಾಂಕ ನಾನು ಮುಂದೂಡೋಕಾಗುತ್ತಾ? ಮೇಲಿನಿಂದ ಕೆಳಗೆ ಇಳಿಯೋ ಗೆರೆ. ಮಧ್ಯ ಏನು ಗುಂಡಿ ಬಿದ್ದಿರುತ್ತೆ?” ಎಂದರು ಹೆಡ್.

“ಬಿದ್ದಿದ್ರೆ, ಸಾರ್?”

“ಬಿದ್ದಿದ್ರೆ ಮುಂದಿನ ಸಲ ಸರಿ ಮಾಡೋಣ.”

ಮೇಡಂ ಸಹಿ ಹಾಕಲಿಲ್ಲ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಪ್ರೂಫನ್ನು ಹಾಗೆಯೇ ವಾಪಸು ಕೊಟ್ಟರು. ಹೆಡ್ ತಾವೇ ಸಹಿ ಹಾಕಿ ಪ್ರೆಸ್ಸಿಗೆ ಕಳಿಸಿದರು. ಅಷ್ಟು ಸಲೀಸಾಗಿ ಮುಗಿಯಿತು.

ಆ ಭಾನುವಾರ, ರಜೆಯ ದಿನ, ಮೇಡಂ ಪರೀಕ್ಷೆಯ ಬೆಂಚು ನಡೆಸುವ ಆಪರೇಟರರ ಮನೆ ಬಾಗಿಲು ತಟ್ಟಿದರು. ಆತ ಇವರಿಗಿಂತ ನಾಲ್ಕು ವರ್ಷ ದೊಡ್ಡವರು, ಇವರನ್ನು ತಂಗಿ ಎಂದೇ ಕರೆಯುವವರು. ಇಬ್ಬರೂ ಬೆಂಚಿಗೆ ಸೀಲು ಕೂರಿಸಿ, ನೀರನ್ನು ತೊಂಬತ್ತೈದು ಡಿಗ್ರಿಯಲ್ಲಿ ಆರು ಗಂಟೆ ಹಿಡಿದು, ಒತ್ತಡವನ್ನು ಚೂರುಚೂರೇ ಏರಿಸುತ್ತ ಹೋದರು. ಸೀಲಿನ ಕೆಳಗೆ ಟಿಶ್ಯೂ ಕಾಗದ ಹಾಸಿರುತ್ತಾರೆ, ಅದು ಒದ್ದೆಯಾದ ಕ್ಷಣವೇ ಸೀಲಿನ ಮಿತಿ. ಗೆರೆಯ ಪ್ರಕಾರ ಏಳೂಮುಕ್ಕಾಲು ಬಾರ್ ತಡೆಯಬೇಕಿತ್ತು. ಐದಕ್ಕೇ ಕಾಗದ ಒದ್ದೆಯಾಯಿತು. ಇನ್ನೆರಡು ಸೀಲು ಹಾಕಿ ಮತ್ತೆರಡು ಸಂಜೆ ನೋಡಿದರು. ಅದೇ ಐದು.

“ತಂಗಿ, ಸುಳ್ಳಾಗ್ಲಿ ಅಂತ ನಾನೂ ಬೇಡ್ಕೊಂಡಿದ್ದೆ” ಎಂದರಂತೆ ಆಪರೇಟರು.

ಅಂಕಿ ಹಿಡಿದುಕೊಂಡು ಹೆಡ್ ಕೋಣೆಗೆ ಹೋಗುವಷ್ಟರಲ್ಲಿ ಮೂರು ಸಾವಿರ ಪ್ರತಿ ಅಚ್ಚಾಗಿ ಗೋಡೌನಿಗೆ ಬಂದಿದ್ದವು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಜಗಳ ಮೂರು ದಿನ ನಡೆಯಿತು. ಕಂಪ್ಯೂಟರಿನಲ್ಲಿ ನೋಡುವ ಪ್ರತಿಯನ್ನು ತಿದ್ದಲು ಹೆಡ್ ಒಪ್ಪಿದರು, ತಿದ್ದಿದರು ಕೂಡ. ಅಚ್ಚಾದ ಪುಸ್ತಕಕ್ಕೆ ತಿದ್ದುಪಡಿ ಚೀಟಿ ಅಂಟಿಸಲು ಮಾತ್ರ ಖಂಡಿತ ಆಗದು ಎಂದರು. ಹೊಸ ಮಾಲಿನ ಮೊದಲ ದಿನವೇ ತಪ್ಪೊಪ್ಪಿಗೆಯೇ, ಎದುರಾಳಿ ಕಂಪನಿಯವರು ಅದರ ಫೋಟೋ ತೆಗೆದು ಊರೆಲ್ಲ ಹಂಚಿಯಾರು. ಪ್ರತಿಗಳನ್ನು ತಡೆಹಿಡಿಯಲೂ ಆಗದು, ಮೂರು ಸಾವಿರವೆಂದು ಮೇಲಿನವರಿಗೆ ಹೇಳಿಯಾಗಿದೆ. ಹಾಗಾದರೆ ಸ್ಟಾಲಿನಲ್ಲೇ ಕೂತು ಚುಕ್ಕಿ ಹಾಕುತ್ತೇನೆ ಎಂದರು ಮೇಡಂ. ಗಿರಾಕಿಗಳ ಎದುರಿಗಾ ಎಂದು ಹೆಡ್ ತಲೆ ಹಿಡಿದುಕೊಂಡರು. ಕೊನೆಗೆ ಸೋತ ದನಿಯಲ್ಲಿ, “ಯಾರೂ ಬರೋದ್ರೊಳಗೆ, ಕಣ್ಣಿಗೆ ಹೊಡೆಯದ ಹಾಗೆ ಏನಾದ್ರೂ ಮಾಡ್ಕೊಳ್ಳಿ ಮೇಡಂ. ನನ್ನನ್ನ ಕೇಳ್ಬೇಡಿ” ಎಂದರು.

ಏನಾದರೂ ಎಂದರೆ ಚುಕ್ಕಿ. ಗೆರೆಯಿಂದ ಒಂದು ಬೆರಳಷ್ಟು ಕೆಳಗೆ, ಬಿಳಿ ಜಾಗದಲ್ಲಿ ಒಂಟಿಯಾಗಿ. ಬೇರೆಯವರಿಗೆ ಅದು ಯಾರದೋ ಪೆನ್ನು ತಾಗಿದ ಕಲೆ. ಇಂಜಿನಿಯರು ಮಾತ್ರ ಗೆರೆ ಬಿಟ್ಟು ಕೆಳಗೆ ಕೂತ ಚುಕ್ಕಿ ಕಂಡರೆ ಸ್ಕೇಲು ತೆಗೆದು ಅಳೆಯುತ್ತಾನೆ. ಅಳೆದಿದ್ದು ಒಂದು, ಎಳೆದಿದ್ದು ಇನ್ನೊಂದು ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಶುಕ್ರವಾರ ಮುಗಿದಾಗ ಎರಡು ಸಾವಿರದ ತೊಂಬತ್ತು ಆಗಿವೆ. ಹನ್ನೊಂದು ಬೆಳಗುಗಳಿಂದ ಬಗ್ಗಿದ ಕುತ್ತಿಗೆ ಒಂದು ಕಡೆಗೆ ತಿರುಗುವುದನ್ನೇ ಬಿಟ್ಟಿದೆ. ಅತ್ತಿಗೆ ಬಿಸಿನೀರಿನ ಚೀಲ ಒತ್ತುತ್ತ ಬಯ್ಯುತ್ತಾರೆ. “ತಪ್ಪು ಮಾಡಿದೋರು ಹಾಯಾಗಿ ಮಲಗಿದಾರೆ. ನೀನು ಯಾಕೇ ಸಾಯ್ತೀಯ? ನೀನು ಸಹಿ ಹಾಕಿಲ್ಲ ತಾನೇ?”

“ಹಾಕಿಲ್ಲ, ಅತ್ತಿಗೆ. ಆದ್ರೆ ನನಗೆ ಗೊತ್ತಲ್ಲ.”

ಅತ್ತಿಗೆ ಚೀಲಕ್ಕೆ ಮತ್ತೆ ಬಿಸಿನೀರು ತುಂಬಿಸಿ ತರುತ್ತಾರೆ.

ಶನಿವಾರ ಏಳು ಗಂಟೆಗೆ ಗೋಡೌನಿನ ಬಾಗಿಲಲ್ಲಿ ಹೆಡ್ ಬಂದು ನಿಂತಿದ್ದಾರೆ. ಶೂ ಒದ್ದೆಯಾಗಿದೆ, ಮುಖ ಬಾಡಿದೆ. ಸರಿಯಾಗಿ ನಿದ್ದೆ ಬಂದಿಲ್ಲ ಎನ್ನುತ್ತಾರೆ. ಮೇಜಿನ ತುಂಬ ಬಾಯಿ ತೆರೆದುಕೊಂಡು ಒಣಗುತ್ತಿರುವ ಪುಸ್ತಕಗಳನ್ನು ನೋಡುತ್ತಾರೆ, ಇನ್ನೂ ಮುಟ್ಟದ ಕಟ್ಟುಗಳ ಸಾಲು ನೋಡುತ್ತಾರೆ. ಕೋಟು ಕಳಚಿಟ್ಟು, ಮೇಜಿನ ಆ ತುದಿಯಲ್ಲಿ ಕೂತು ಜೇಬಿನಿಂದ ಪೆನ್ನು ತೆಗೆಯುತ್ತಾರೆ. ಮೇಡಂ ಕಣ್ಣು ತುಂಬುತ್ತದೆ. ಮಾತಾಡಿದರೆ ಎಲ್ಲಿ ಎದ್ದು ಹೋಗಿಬಿಡುತ್ತಾರೋ ಎಂದು ತಲೆ ಎತ್ತದೆ ತಮ್ಮ ಕೆಲಸ ಮಾಡುತ್ತಾರೆ. ಮೂವತ್ತೊಂದು ವರ್ಷದಲ್ಲಿ ಮೇಲಿನವರ ಪೈಕಿ ಇಂಥ ಕೆಲಸಕ್ಕೆ ಪಕ್ಕದಲ್ಲಿ ಬಂದು ಕೂತವರು ಇವರೊಬ್ಬರೇ, ಅದಕ್ಕಾಗಿ ಮೈಮರೆತರು. ಅದೇ ತಪ್ಪಾಯಿತು.

ಎಂಟು ಗಂಟೆಗೆ ಪ್ಯಾಕಿಂಗಿನವರು ಬಂದು, ಒಣಗಿದ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಲು ಶುರುಮಾಡಿದ್ದಾರೆ. ಹೊಸ ಕಟ್ಟು ತರಲು ಎದ್ದು ಹೆಡ್ ಪಕ್ಕ ಹಾದುಹೋಗುವಾಗ ಮೇಡಂ ಕಣ್ಣು ಒಂದು ಪುಟದ ಮೇಲೆ ಬೀಳುತ್ತದೆ. ಅಲ್ಲೇ ನಿಲ್ಲುತ್ತಾರೆ.

ಹೆಡ್ ಹತ್ತಿರ ರಟ್ಟು ಇರಲಿಲ್ಲ. ಇದ್ದದ್ದು ಒಂದೇ ರಟ್ಟು, ಅದು ಮೇಡಂ ಕೈಯಲ್ಲಿತ್ತು. ಅವರು ಕಣ್ಣಂದಾಜಿನಲ್ಲಿ ಹಾಕಿದ್ದಾರೆ. ತೊಂಬತ್ತೈದರ ನೇರಕ್ಕೆ ಸರಿಯಾಗಿಯೇ ಬಂದು, ಚುಕ್ಕಿಯನ್ನು ಗೆರೆಯ ಮೇಲೆಯೇ ಇಟ್ಟಿದ್ದಾರೆ. ಎಲ್ಲವನ್ನೂ, ಮುದ್ದಾಗಿ, ಗೆರೆಯ ಮಧ್ಯಕ್ಕೆ. ಪಕ್ಕದಲ್ಲಿ ನೀಟಾಗಿ ‘95’.

“ಸಾರ್… ಗೆರೆ ಮೇಲೆ ಯಾಕಿಟ್ರಿ?”

“ಮತ್ತೆಲ್ಲಿ ಇಡ್ಬೇಕು ಮೇಡಂ? ನಿಮ್ಮ ಹಳೇ ಪುಸ್ತಕದಲ್ಲೆಲ್ಲ ಚುಕ್ಕಿ ಗೆರೆ ಮೇಲೇ ಇದ್ವಲ್ಲ? ಕೆಳಗೆ ಬಿಟ್ರೆ ಅಸಹ್ಯ ಕಾಣುತ್ತೆ ಅಂತ…” ಎನ್ನುತ್ತಿದ್ದವರು ಮೇಡಂ ಮುಖ ನೋಡಿ ಮತ್ತೆ ಪುಟದ ಕಡೆ ತಿರುಗುತ್ತಾರೆ. ಏನು ಮಾಡಿದೆನೆಂದು ಅವರಿಗೆ ಅರ್ಥವಾಗಲು ಬಹಳ ಹೊತ್ತು ಬೇಕಾಗುವುದಿಲ್ಲ. ಚುಕ್ಕಿ ಇಲ್ಲದ ಗೆರೆ ಊಹೆ, ಅದನ್ನು ಕಂಡವನು ಅನುಮಾನಿಸಬಹುದು. ಗೆರೆಯ ಮೇಲೆ ಚುಕ್ಕಿ ಕೂತರೆ ಸುಳ್ಳಿಗೆ ಸಾಕ್ಷಿ ಹೇಳಿದ ಹಾಗೆ. ಅಳೆದಿದ್ದೇವೆ, ಏಳೂಮುಕ್ಕಾಲು ಬಾರ್ ತಡೆಯಿತು, ಧೈರ್ಯವಾಗಿ ಕೂರಿಸಿ ಎಂದು ಚುಕ್ಕಿ ಮೇಡಮ್ಮೇ ಹೇಳಿದಂತಾಯಿತು.

“ಎಷ್ಟು ಹಾಕಿದ್ರಿ ಸಾರ್?”

“ನಲವತ್ತು. ನಲವತ್ತಿರ್ಬೇಕು.”

“ಇರ್ಬೇಕು ಅಂದ್ರೆ?”

“ಎಣಿಸ್ಲಿಲ್ಲ ಮೇಡಂ.”

ಟೇಪು ಹಚ್ಚಿದ ಪೆಟ್ಟಿಗೆಗಳನ್ನು ಕುಯ್ದು, ಇಬ್ಬರೂ ನೆಲದ ಮೇಲೆ ಮಂಡಿಯೂರಿ ಪುಟ ಹದಿನಾಲ್ಕು, ಪುಟ ಹದಿನಾಲ್ಕು ಎಂದು ತಿರುವಿಹಾಕುತ್ತಾರೆ. ಪ್ಯಾಕಿಂಗಿನವರು ಕಕ್ಕಾಬಿಕ್ಕಿಯಾಗಿ ನೋಡುತ್ತಾರೆ. ಹತ್ತು, ಹದಿನೆಂಟು, ಇಪ್ಪತ್ತೊಂಬತ್ತು, ಮೂವತ್ತೈದು. ಒಂಬತ್ತಕ್ಕೆ ಲಾರಿಯವನು ಹಾರನ್ ಹೊಡೆಯುತ್ತಾನೆ. ಮೂವತ್ತೇಳು ಸಿಕ್ಕಿವೆ. ಹೆಡ್ ತಾವೇ ಹೊರಗೆ ಹೋಗಿ, ಕೈ ಮುಗಿದು, ಇಪ್ಪತ್ತು ನಿಮಿಷ ನಿಲ್ಲಿಸಿಕೊಂಡು ಬರುತ್ತಾರೆ. ಇನ್ನೊಂದೂ ಸಿಗುವುದಿಲ್ಲ, ಸಿಕ್ಕ ಮೂವತ್ತೇಳನ್ನು ಮೇಡಂ ಪಕ್ಕಕ್ಕೆ ಎತ್ತಿಡುತ್ತಾರೆ. ಸಾಲದ್ದಕ್ಕೆ ಹೊಸದಾಗಿ ಚುಕ್ಕಿ ಹಾಕುವ ಕೆಲಸವೂ ನಿಂತು, ಅಂದಿನ ಲೆಕ್ಕ ನೂರ ಹತ್ತಕ್ಕೇ ಮುಗಿದಿದೆ. ಏಳುನೂರ ಅರವತ್ತು ಪ್ರತಿ ಚುಕ್ಕಿಯಿಲ್ಲದೆ ಲಾರಿ ಹತ್ತುತ್ತವೆ. ಅವುಗಳ ಜೊತೆ ಆ ಮೂರೂ ಹೋದವೋ, ಅಥವಾ ಹೆಡ್ ಹಾಕಿದ್ದೇ ಮೂವತ್ತೇಳೋ, ದೇವರಿಗೇ ಗೊತ್ತು.

ಲಾರಿ ಗೇಟು ದಾಟಿದ ಮೇಲೆ ಹೆಡ್ ಪೆಟ್ಟಿಗೆಯೊಂದರ ಮೇಲೆ ಕೂರುತ್ತಾರೆ. “ಮುಂದಿನ ಪುಸ್ತಕಕ್ಕೆ ನಿಮ್ಮ ‘ಎಲ್ಲಿ ಬೇಡ’ ಪುಟ ವಾಪಸ್ ಹಾಕೋಣ ಮೇಡಂ” ಎನ್ನುತ್ತಾರೆ. ಮೇಡಂ ತಲೆಯಾಡಿಸುತ್ತಾರೆ. ಮುಂದಿನ ಪುಸ್ತಕ ಬರುವುದು ಮುಂದಿನ ವರ್ಷ. ಸೀಲು ಕೂರಿಸುವವರು ಸೋಮವಾರದಿಂದಲೇ ಕೂರಿಸುತ್ತಾರೆ.

ಮೇಡಂ ಕೈ ತೊಳೆದುಕೊಂಡು ಬಂದು ತಮ್ಮ ಕುರ್ಚಿಯಲ್ಲಿ ಕೂರುತ್ತಾರೆ. ಬೆರಳ ಸಂದಿಯ ಇಂಕು ಹೋಗಿಲ್ಲ. ಇನ್ನೈದು ವರ್ಷದ ಸರ್ವೀಸಿದೆ. ಬಡ್ತಿಯ ಮಾತನ್ನು ಅವರು ಎತ್ತುವುದಿಲ್ಲ, ಪುಸ್ತಕದಲ್ಲಿ ಹೆಸರು ಬರಲೆಂಬ ಬಯಕೆಯೂ ಇದ್ದಂತಿಲ್ಲ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಮೊದಲು ಇಲ್ಲವೆನ್ನುತ್ತಾರೆ. ಆಮೇಲೆ ಹೇಳುತ್ತಾರೆ.

“ಆ ಮೂರು ಪುಸ್ತಕ ಯಾರಾದ್ರೂ ಮಹಾ ಅನುಮಾನದ ಮನುಷ್ಯರ ಕೈಗೆ ಸಿಗ್ಲಿ. ಗೆರೆನೂ ನಂಬ್ದೆ, ನನ್ನ ಚುಕ್ಕಿನೂ ನಂಬ್ದೆ, ತಾವೇ ಒಂದ್ಸಲ ನೀರು ಕಾಯ್ಸಿ ನೋಡೋ ಅಂಥೋರ ಕೈಗೆ. ಮೂವತ್ತೊಂದು ವರ್ಷ ‘ನಮ್ಮನ್ನ ನಂಬಿ’ ಅಂತ ಹೇಳೋ ಕೆಲಸ ಮಾಡ್ದೆ. ಈಗ ನಂಬ್ಬೇಡ್ರಪ್ಪಾ ಅಂತ ಬೇಡ್ಕೊಳ್ತಿದೀನಿ.”